ಗ್ರಹಗಳ ಮುಖಪರಿಚಯ

ಕನ್ನಡನಾಡಿನ ಗೃಹಸ್ಥರ ಮನೆಯಲ್ಲಿ ಗ್ರಹಗಳ ಹೆಸರು ಕೇಳಿಬರದೆ ಒಂದು ವಾರ ಕಳೆಯುವುದು ಕಷ್ಟ. ವಾರದ ಏಳು ದಿನಗಳಲ್ಲಿ ಐದು ಅವುಗಳದೇ ಹೆಸರನ್ನು ಹೊತ್ತಿವೆ. ಮಗಳ ಮದುವೆಯ ಮಾತು ಬಂದರೆ ಗುರುಬಲವಿದೆಯೇ ಎಂಬ ವಿಚಾರಣೆ. ಗಂಡಿನ ಜಾತಕ ಕೈಸೇರಿದರೆ ಕುಜದೋಷದ ಶೋಧನೆ. ನಾಲ್ಕು ಕಾಸು ಓಡಾಡಿದರೆ ಶುಕ್ರದೆಸೆ. ಅದು ನಿಂತರೆ ಶನಿಕಾಟ. ಯುಗಾದಿಯ ದಿನ ಬೇವುಬೆಲ್ಲದ ಬಳಿಕ ಪಂಚಾಂಗ ಶ್ರವಣ ನಡೆಯುತ್ತದೆ. ದೇವಸ್ಥಾನಕ್ಕೆ ಹೋದವರು ಮೂಲೆಯ ನವಗ್ರಹಗಳಿಗೆ ಒಂಬತ್ತು ಸುತ್ತು ಬಾರದೆ ಹಿಂತಿರುಗುವುದಿಲ್ಲ. ಇಷ್ಟು ಬಳಕೆಯಿದ್ದೂ ಅದೇ ಮನೆಯವರನ್ನು ರಾತ್ರಿ ಎಂಟು ಗಂಟೆಗೆ ಮಾಳಿಗೆಗೆ ಕರೆದೊಯ್ದು, ‘ಈಗ ಗುರು ಎಲ್ಲಿದ್ದಾನೆ, ತೋರಿಸಿ’ ಎಂದರೆ ಯಜಮಾನರು ಕನ್ನಡಕ ಒರೆಸತೊಡಗುತ್ತಾರೆ. ಜಾತಕದ ಚೌಕದಲ್ಲಿ ಗುರುವಿನ ಮನೆಯ ಮೇಲೆ ಥಟ್ಟನೆ ಬೆರಳಿಡಬಲ್ಲವರು, ಅದೇ ಗುರು ತಲೆಯ ಮೇಲೆ ದೀಪದಂತೆ ಬೆಳಗುತ್ತಿದ್ದರೂ ಗುರುತಿಸಲಾರರು. ಶ್ರವಣವಾಯಿತು; ದರ್ಶನವಾಗಲಿಲ್ಲ.

ಹೆಸರನ್ನಷ್ಟೇ ಕೇಳಿ ಮುಖ ಕಾಣದ ನೆಂಟರು ಎಲ್ಲ ಕುಟುಂಬಗಳಲ್ಲೂ ಕೆಲವರು ಇರುತ್ತಾರೆ. ಅವರು ಸಿಡುಕಿನವರೆಂದೋ ಜಿಪುಣರೆಂದೋ ಕಥೆಗಳು ಬೆಳೆಯುತ್ತ ಹೋಗುತ್ತವೆ. ಒಂದು ದಿನ ಅವರು ರೈಲಿಳಿದು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಾಗ ಅರ್ಧ ಕಥೆಗಳು ಹೊಸ್ತಿಲ ಹೊರಗೇ ಉದುರುತ್ತವೆ. ಗ್ರಹಗಳ ವಿಷಯವೂ ಹೀಗೆಯೇ. ಅವುಗಳ ಹೆಸರಿನಿಂದ ಹುಟ್ಟಿದ ಭಯಕ್ಕೂ ಭರವಸೆಗೂ ಮನೆಗಳಲ್ಲಿ ಕೊರತೆಯಿಲ್ಲ; ಮುಖಪರಿಚಯ ಮಾತ್ರ ಇಲ್ಲ. ಆ ಪರಿಚಯಕ್ಕೆ ಬೇಕಾದ ಸಾಮಗ್ರಿಯಾದರೋ ಅತ್ಯಲ್ಪ: ಎರಡು ಕಣ್ಣು, ಒಂದು ಮಾಳಿಗೆ ಅಥವಾ ಮೈದಾನ, ಮನೆಯಲ್ಲಿ ಹೇಗೂ ಇರುವ ಪಂಚಾಂಗ, ಒಂದಿಷ್ಟು ತಾಳ್ಮೆ.

ಗ್ರಹಗಳನ್ನು ಕಾಣಲು ದೊಡ್ಡ ದೂರದರ್ಶಕ ಬೇಕು, ಇಲ್ಲವೆ ದೀಪಗಳಿಲ್ಲದ ಕಾಡಿಗೆ ಹೋಗಬೇಕು ಎಂಬ ನಂಬಿಕೆ ಸಾಮಾನ್ಯವಾಗಿದೆ. ಆಕಾಶಗಂಗೆಯ ಮಟ್ಟಿಗೆ, ಮಂಕು ನಕ್ಷತ್ರಗಳ ಮಟ್ಟಿಗೆ ಇದು ನಿಜ. ಬೆಂಗಳೂರಿನಂಥ ನಗರದಲ್ಲಿ ಬೀದಿದೀಪಗಳು ನಕ್ಷತ್ರಗಳಲ್ಲಿ ಬಹುಪಾಲನ್ನು ನುಂಗಿಬಿಟ್ಟಿವೆ. ಆದರೆ ಬುಧ, ಶುಕ್ರ, ಕುಜ, ಗುರು, ಶನಿ ಈ ಐವರನ್ನು ಅವು ನುಂಗಲಾರವು. ೧೭೮೧ರಲ್ಲಿ ಯುರೇನಸ್ ಗ್ರಹವನ್ನೂ ೧೮೪೬ರಲ್ಲಿ ನೆಪ್ಚೂನನ್ನೂ ಕಂಡುಹಿಡಿಯಲು ದೂರದರ್ಶಕ ಬೇಕಾಯಿತು. ಈ ಐದು ಗ್ರಹಗಳನ್ನಾದರೋ ಗಾಜಿನ ಮಸೂರವನ್ನೇ ಕಾಣದ ಪ್ರಾಚೀನರು ಬರಿಗಣ್ಣಿನಿಂದ ಬಲ್ಲವರಾಗಿದ್ದರು. ನಗರದಲ್ಲಿ ನೋಡುವವರಿಗೆ ಒಂದು ಅನುಕೂಲವೂ ಉಂಟು. ಸಣ್ಣ ಚುಕ್ಕೆಗಳೆಲ್ಲ ಮರೆಯಾಗಿ ಪ್ರಕಾಶವುಳ್ಳವು ಮಾತ್ರ ಉಳಿಯುವುದರಿಂದ, ಯಾವುದು ಯಾವುದೆಂಬ ಗೊಂದಲ ಹಳ್ಳಿಯ ಆಕಾಶಕ್ಕಿಂತ ಕಡಿಮೆ.

ಗ್ರಹವನ್ನು ನಕ್ಷತ್ರದಿಂದ ಬೇರ್ಪಡಿಸಿ ತಿಳಿಯುವ ಮೊದಲ ಉಪಾಯ ಅದರ ಬೆಳಕಿನ ನಡತೆ. ನಕ್ಷತ್ರ ಮಿನುಗುತ್ತದೆ, ಗ್ರಹ ನೆಟ್ಟನೋಟದಿಂದ ನೋಡುವಂತೆ ಸ್ಥಿರವಾಗಿ ಬೆಳಗುತ್ತದೆ. ನಕ್ಷತ್ರಗಳು ಎಷ್ಟು ದೂರದಲ್ಲಿವೆಯೆಂದರೆ ಅವುಗಳ ಬೆಳಕು ಕೇವಲ ಒಂದು ಬಿಂದುವಿನಿಂದ ಬಂದಂತೆ ಬರುತ್ತದೆ. ಭೂಮಿಯ ವಾಯುಮಂಡಲದಲ್ಲಿ ಬಿಸಿ ಗಾಳಿ ತಣ್ಣನೆಯ ಗಾಳಿಗಳ ಪದರಗಳು ಸದಾ ಕದಡುತ್ತಿರುವುದರಿಂದ ಆ ಒಂದೆಳೆಯ ಬೆಳಕು ಅತ್ತಿತ್ತ ಬಳುಕುತ್ತದೆ. ಗ್ರಹಗಳು ಹತ್ತಿರದವು, ಅವುಗಳಿಗೆ ಒಂದು ಪುಟ್ಟ ಬಿಂಬವಿದೆ. ಬಿಂಬದ ಒಂದು ಅಂಚಿನ ಬೆಳಕು ಕುಗ್ಗಿದಾಗ ಇನ್ನೊಂದು ಅಂಚಿನದು ಹಿಗ್ಗಿ, ಒಟ್ಟಿನಲ್ಲಿ ಸಮವಾಗಿಯೇ ಉಳಿಯುತ್ತದೆ. ದಿಗಂತದ ಹತ್ತಿರ ಗಾಳಿಯ ಪದರ ದಪ್ಪವಾಗಿರುವುದರಿಂದ ಅಲ್ಲಿ ಗ್ರಹವೂ ಕೊಂಚ ಮಿನುಗುವುದುಂಟು. ಆದುದರಿಂದ ಪರೀಕ್ಷೆಯನ್ನು ಅದು ಸಾಕಷ್ಟು ಮೇಲೇರಿದ ಬಳಿಕವೇ ಮಾಡತಕ್ಕದ್ದು. ಹಾಗೆಯೇ ದೇವನಹಳ್ಳಿಯ ಕಡೆಗೆ ಇಳಿಯುವ ವಿಮಾನವೂ ಸ್ಥಿರವಾದ ಹೊಳಪಿನಿಂದ ಹೊಸಬರನ್ನು ಮೋಸಗೊಳಿಸಬಲ್ಲದು. ಐದು ನಿಮಿಷ ಕಾದರೆ ವಿಮಾನ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ.

ಎರಡನೆಯ ಉಪಾಯ ಹಾದಿಯದು. ಗ್ರಹಗಳು ಆಕಾಶದಲ್ಲಿ ಮನಬಂದಲ್ಲಿ ಅಲೆಯುವುದಿಲ್ಲ. ಸೂರ್ಯ ವರ್ಷವಿಡೀ ಸಾಗುವ ಕ್ರಾಂತಿವೃತ್ತದ ಆಚೀಚೆ ಕೆಲವೇ ಅಂಶಗಳ ಅಗಲದ ಬೀದಿಯಲ್ಲಿ ಅವುಗಳ ಸಂಚಾರ. ಚಂದ್ರನೂ ಅದೇ ಬೀದಿಯವನು. ಪೂರ್ವದಲ್ಲಿ ಮೂಡಿ, ಬಹುಮಟ್ಟಿಗೆ ನೆತ್ತಿಯ ಆಸುಪಾಸಿನಲ್ಲಿ ಹಾದು, ಪಶ್ಚಿಮದಲ್ಲಿ ಇಳಿಯುವ ಈ ಬೀದಿಯ ಇಕ್ಕೆಲಗಳಲ್ಲಿ ಕೃತ್ತಿಕಾ, ರೋಹಿಣಿ, ಪುನರ್ವಸು, ಮಖಾ, ಚಿತ್ತಾ, ಜ್ಯೇಷ್ಠಾ ನಕ್ಷತ್ರಗಳು ಮೈಲಿಗಲ್ಲುಗಳಂತೆ ನಿಂತಿವೆ. ಧ್ರುವನ ಕಡೆಗೆ ಮುಖಮಾಡಿ, ಸಪ್ತರ್ಷಿಮಂಡಲದಲ್ಲಿ ಗ್ರಹವನ್ನು ಹುಡುಕುವುದು ವ್ಯರ್ಥ ಶ್ರಮ.

ಮೂರನೆಯ ಉಪಾಯ ಎಲ್ಲಕ್ಕಿಂತ ಸುಲಭವಾದದ್ದು. ಅದರ ಕೀಲಿಕೈ ಮನೆಯಲ್ಲಿಯೇ ಇದೆ. ಪಂಚಾಂಗದಲ್ಲಿ ದಿನದಿನದ ನಕ್ಷತ್ರವನ್ನು ಮುದ್ರಿಸಿರುತ್ತಾರೆ. ಅದು ಆ ದಿನ ಚಂದ್ರ ಇರುವ ಸ್ಥಾನವಲ್ಲದೆ ಬೇರೆಯಲ್ಲ. ಅದೇ ಪಂಚಾಂಗದಲ್ಲಿ ಗ್ರಹಗಳು ಯಾವ ಯಾವ ನಕ್ಷತ್ರದಲ್ಲಿವೆಯೆಂಬ ಪಟ್ಟಿಯೂ ಇರುತ್ತದೆ. ಚಂದ್ರ ಸುಮಾರು ೨೭ ದಿನಗಳಲ್ಲಿ ಬೀದಿಯನ್ನು ಒಂದು ಸುತ್ತು ಬರುವುದರಿಂದ, ತಿಂಗಳಿಗೊಮ್ಮೆ ಪ್ರತಿಯೊಂದು ಗ್ರಹದ ಮನೆಬಾಗಿಲಿಗೂ ಹೋಗಿ ಬರುತ್ತಾನೆ. ಚಂದ್ರನ ನಕ್ಷತ್ರವೂ ಗ್ರಹದ ನಕ್ಷತ್ರವೂ ಒಂದೇ ಆದ ರಾತ್ರಿ ಹೊರಗೆ ಬಂದು ನೋಡಿದರೆ ಚಂದ್ರನ ಪಕ್ಕದಲ್ಲಿ, ನೀಡಿದ ಕೈಯ ಒಂದು ಮುಷ್ಟಿ, ಹೆಚ್ಚೆಂದರೆ ಒಂದೂವರೆ ಮುಷ್ಟಿಯಷ್ಟು ಅಂತರದೊಳಗೆ ಆ ಗ್ರಹ ಇದ್ದೇ ಇರುತ್ತದೆ. ಗಣಿತ ಬೇಡ, ನಕ್ಷೆ ಬೇಡ. ಚಂದ್ರನೇ ಕೈಹಿಡಿದು ಪರಿಚಯಿಸುತ್ತಾನೆ. ಹೀಗೆ ಒಮ್ಮೆ ಗುರುತಾದ ಗ್ರಹವನ್ನು ಚಂದ್ರ ಮುಂದೆ ಸರಿದ ಮೇಲೂ ದಿನಕ್ಕೊಮ್ಮೆ ನೋಡಿಕೊಳ್ಳುತ್ತಿದ್ದರೆ ಮತ್ತೆ ಮರೆಯುವ ಪ್ರಶ್ನೆಯೇ ಇಲ್ಲ.

ಐವರ ಪೈಕಿ ಹುಡುಕಬೇಕಾಗಿಯೇ ಇಲ್ಲದವನು ಶುಕ್ರ. ಸೂರ್ಯಚಂದ್ರರನ್ನು ಬಿಟ್ಟರೆ ಆಕಾಶದ ಕಾಯಂ ನಿವಾಸಿಗಳಲ್ಲಿ ಇಷ್ಟು ಪ್ರಕಾಶ ಇನ್ನಾರಿಗೂ ಇಲ್ಲ. ಕಗ್ಗತ್ತಲೆಯ ಊರಿನಲ್ಲಿ ಶುಕ್ರನ ಬೆಳಕಿಗೆ ನೆರಳು ಬೀಳುವುದುಂಟು. ಹಳ್ಳಿಗರು ಇದನ್ನು ಬೆಳ್ಳಿ ಎಂದರು. ಗಡಿಯಾರವಿಲ್ಲದ ಕಾಲದಲ್ಲಿ ಬೆಳ್ಳಿ ಮೂಡುವ ಹೊತ್ತೆಂದರೆ ನೇಗಿಲು ಹೂಡುವವರಿಗೂ ಮಜ್ಜಿಗೆ ಕಡೆಯುವವರಿಗೂ ಏಳುವ ಹೊತ್ತು. ಶುಕ್ರನ ಕಕ್ಷೆ ಭೂಮಿಯ ಕಕ್ಷೆಯ ಒಳಗಿರುವುದರಿಂದ ಅದು ಸೂರ್ಯನನ್ನು ಬಿಟ್ಟು ೪೭ ಅಂಶಗಳಿಗಿಂತ ಆಚೆ ಹೋಗಲಾರದು. ಆದುದರಿಂದ ನಡುರಾತ್ರಿ ನೆತ್ತಿಯ ಮೇಲೆ ಶುಕ್ರನನ್ನು ಕಂಡೆವೆಂದವರ ಮಾತನ್ನು ನಂಬಬೇಕಾಗಿಲ್ಲ. ಸೂರ್ಯಾಸ್ತದ ಮೇಲೆ ಪಶ್ಚಿಮದಲ್ಲಿ, ಇಲ್ಲವೆ ಸೂರ್ಯೋದಯಕ್ಕೆ ಮುಂಚೆ ಪೂರ್ವದಲ್ಲಿ, ಹೆಚ್ಚೆಂದರೆ ಸುಮಾರು ೩ ಗಂಟೆಗಳ ಕಾಲ ಅದರ ದರ್ಶನ. ಎಂಟೊಂಬತ್ತು ತಿಂಗಳು ಸಂಜೆಯ ಪಾಳಿ ಮಾಡಿ, ಸುಮಾರು ಒಂದು ವಾರ ಮರೆಯಾಗಿ, ಮತ್ತೆ ಅಷ್ಟೇ ತಿಂಗಳು ಬೆಳಗಿನ ಪಾಳಿ ಮಾಡಿ, ಈ ಸಲ ತುಸು ದೀರ್ಘಕಾಲ ಅಡಗಿ ಪುನಃ ಸಂಜೆಗೆ ಬರುತ್ತದೆ. ಈ ಇಡೀ ಆವರ್ತನೆಗೆ ೫೮೪ ದಿನಗಳು. ಇಂಥ ಐದು ಆವರ್ತನೆಗಳು ಎಂಟು ವರ್ಷಗಳಿಗೆ ಎರಡು ದಿನದ ವ್ಯತ್ಯಾಸದಲ್ಲಿ ಸರಿಹೋಗುತ್ತವೆ. ೨೦೨೬ರ ಶ್ರಾವಣದ ಸಂಜೆಗಳಲ್ಲಿ ಶುಕ್ರ ಕಾಣುವ ಠಾವು ೨೦೧೮ರ ಅದೇ ದಿನಗಳಲ್ಲಿ ಕಂಡ ಠಾವೇ. ೨೦೩೪ರಲ್ಲಿ ಕಾಣುವುದೂ ಅದೇ.

ಗುರುವಿನ ನಡಿಗೆ ಗಂಭೀರ. ಹೊಳಪಿನಲ್ಲಿ ಸಾಮಾನ್ಯವಾಗಿ ಶುಕ್ರನಿಗೆ ಎರಡನೆಯವನು. ಬಣ್ಣ ಕೆನೆಯಂಥ ಬಿಳುಪು. ಸುಮಾರು ೧೨ ವರ್ಷಗಳಲ್ಲಿ ೧೨ ರಾಶಿಗಳನ್ನು ಸುತ್ತುವುದರಿಂದ ವರ್ಷಕ್ಕೊಂದು ರಾಶಿ ಎಂಬ ಲೆಕ್ಕ. ನದಿಗಳ ಪುಷ್ಕರಗಳು ಹುಟ್ಟಿಕೊಂಡದ್ದು ಈ ಲೆಕ್ಕದಿಂದಲೇ. ಗುರು ತುಲಾರಾಶಿಗೆ ಬಂದಾಗ ಕಾವೇರಿಗೆ, ಮಕರಕ್ಕೆ ಬಂದಾಗ ತುಂಗಭದ್ರೆಗೆ ಪುಷ್ಕರ. ೨೦೧೭ರ ಸೆಪ್ಟೆಂಬರಿನಲ್ಲಿ ಕಾವೇರಿಯಲ್ಲಿ ಜನ ಮಿಂದೇಳುತ್ತಿದ್ದ ದಿನಗಳಲ್ಲಿ, ಸಂಜೆ ಪಶ್ಚಿಮದ ತಗ್ಗಿನಲ್ಲಿ ಗುರು ಚಿತ್ತಾ ನಕ್ಷತ್ರದ ಪಕ್ಕದಲ್ಲಿಯೇ ನಿಂತಿತ್ತು. ನೀರಿನಲ್ಲಿ ಮುಳುಗಿದವರು ಲಕ್ಷ. ತಲೆಯೆತ್ತಿ ಆ ಜೋಡಿಯನ್ನು ನೋಡಿದವರು ವಿರಳ. ಗುರುವಿನ ಬಳಿ ಇನ್ನೂ ಒಂದು ಕಾಣಿಕೆಯಿದೆ. ಮನೆಯಲ್ಲಿ ಸಾಧಾರಣ ಬೈನಾಕ್ಯುಲರ್ ಇದ್ದರೆ, ಮೊಣಕೈಯನ್ನು ಗೋಡೆಗೆ ಆನಿಸಿ ಅಲುಗಾಡದೆ ನೋಡಿದಾಗ, ಗುರುವಿನ ಎರಡು ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಸಾಸಿವೆಯಂಥ ಚುಕ್ಕೆಗಳು ತೋರುತ್ತವೆ. ೧೬೧೦ರ ಜನವರಿಯಲ್ಲಿ ಗೆಲಿಲಿಯೋ ಕಂಡದ್ದು ಇವನ್ನೇ. ರಾತ್ರಿಯಿಂದ ರಾತ್ರಿಗೆ ಅವು ಜಾಗ ಬದಲಿಸುವುದನ್ನು ಗಮನಿಸಿ, ಎಲ್ಲವೂ ಭೂಮಿಯನ್ನೇ ಸುತ್ತಬೇಕೆಂಬ ನಿಯಮವಿಲ್ಲವೆಂದು ಆತ ಮನಗಂಡ. ಮಕ್ಕಳು ನಾಲ್ಕು ರಾತ್ರಿ ಕಾಗದದ ಮೇಲೆ ಆ ಚುಕ್ಕೆಗಳನ್ನು ಬರೆದಿಟ್ಟರೆ ಅದೇ ಪಾಠ ಅವರಿಗೂ ದೊರೆಯುತ್ತದೆ.

ಕುಜ ಬಣ್ಣದಿಂದಲೇ ಗುರುತಾಗುವವನು. ಕೆಂಡದ ಮೇಲೆ ಬೂದಿ ಕವಿದಂಥ ಆ ಕೆಂಪು, ಅಲ್ಲಿಯ ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿನ ಬಣ್ಣ. ಭೂಮಿಗೂ ಕುಜನಿಗೂ ನಡುವಣ ದೂರ ಒಮ್ಮೊಮ್ಮೆ ಆರು ಕೋಟಿ ಕಿಲೋಮೀಟರಿಗಿಂತ ಕಡಿಮೆಯಾಗಿ, ಮತ್ತೊಮ್ಮೆ ನಲವತ್ತು ಕೋಟಿಯವರೆಗೆ ಬೆಳೆಯುವುದರಿಂದ ಅದರ ಹೊಳಪಿನಲ್ಲಿ ಭಾರಿ ಏರಿಳಿತ. ಸುಮಾರು ೨೬ ತಿಂಗಳಿಗೊಮ್ಮೆ ಹತ್ತಿರ ಬಂದಾಗ ಯಾರ ಕಣ್ಣಿಗೂ ತಪ್ಪದು; ಉಳಿದಂತೆ ಸಾಧಾರಣ ನಕ್ಷತ್ರದಂತೆ ಅಡಗಿರುತ್ತದೆ. ಕುಜದೋಷಕ್ಕೆ ಹೆದರಿ ಎಷ್ಟೋ ಹೆಣ್ಣುಮಕ್ಕಳ ಸಂಬಂಧಗಳು ಮುರಿದುಬಿದ್ದ ನಾಡಿನಲ್ಲಿಯೇ, ೨೦೧೪ರ ಸೆಪ್ಟೆಂಬರ್ ೨೪ರ ಬೆಳಿಗ್ಗೆ ಬೆಂಗಳೂರಿನ ಪೀಣ್ಯದ ಕೇಂದ್ರದಲ್ಲಿ ಕುಳಿತ ಸ್ತ್ರೀಪುರುಷರು ಮಂಗಳಯಾನ ನೌಕೆ ಕುಜನ ಕಕ್ಷೆಯನ್ನು ಸೇರಿದ ಸುದ್ದಿಗೆ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಬುಧ ಮಾತ್ರ ಸಂಕೋಚದವನು. ಸೂರ್ಯನಿಂದ ೨೮ ಅಂಶಗಳಿಗಿಂತ ದೂರ ಹೋಗದ ಈ ಗ್ರಹ ವರ್ಷಕ್ಕೆ ಆರೇಳು ಬಾರಿ, ಒಂದೊಂದು ಸಲ ಒಂದೆರಡು ವಾರ, ಸಂಧ್ಯೆಯ ಬೆಳಕಿನಲ್ಲಿ ದಿಗಂತದ ಹತ್ತಿರ ಮುಖ ತೋರಿಸಿ ಹಿಂದೆಗೆಯುತ್ತದೆ. ಆದರೂ ಉತ್ತರ ಯುರೋಪಿನವರಿಗಿಂತ ಕನ್ನಡಿಗರು ಭಾಗ್ಯವಂತರು. ಭೂಮಧ್ಯರೇಖೆಗೆ ಹತ್ತಿರವಾದ ಈ ನಾಡಿನಲ್ಲಿ ಗ್ರಹಗಳ ಬೀದಿ ದಿಗಂತಕ್ಕೆ ಕಡಿದಾಗಿ ನಿಲ್ಲುವುದರಿಂದ ಬುಧ ಇಲ್ಲಿ ಹೆಚ್ಚು ಎತ್ತರದಲ್ಲಿ ಕಾಣುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ಕಡಲ ತೀರದಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯ ಮೇಲೂ ನಿಲ್ಲುವ ವ್ಯವಧಾನವಿದ್ದವರಿಗೆ ಮರವೂ ಮನೆಯೂ ಅಡ್ಡ ಬರುವುದಿಲ್ಲ.

ಉಳಿದವನು ಶನಿ. ಸಂಸ್ಕೃತದಲ್ಲಿ ಇವನಿಗೆ ಶನೈಶ್ಚರ, ಮೆಲ್ಲನೆ ನಡೆಯುವವನು, ಎಂದು ಹೆಸರು. ಆ ಹೆಸರಿನಲ್ಲಿ ಶಾಪವಿಲ್ಲ, ಕೇವಲ ವರ್ಣನೆಯಿದೆ. ಸೂರ್ಯನಿಂದ ಬಹುದೂರದಲ್ಲಿರುವ ಈ ಗ್ರಹಕ್ಕೆ ಒಂದು ಸುತ್ತು ಮುಗಿಸಲು ೨೯ ವರ್ಷಕ್ಕೂ ಮಿಗಿಲಾದ ಕಾಲ ಬೇಕು. ಹನ್ನೆರಡು ರಾಶಿಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು ಎರಡೂವರೆ ವರ್ಷ. ಜನ್ಮರಾಶಿ ಮತ್ತು ಅದರ ಹಿಂದುಮುಂದಿನ ರಾಶಿಗಳು ಸೇರಿ ಏಳೂವರೆ ವರ್ಷವಾಯಿತು. ಸಾಡೇಸಾತಿ ಎಂದು ಎದೆ ನಡುಗಿಸುವ ಮಾತಿನ ಹಿಂದಿನ ಗಣಿತ ಇಷ್ಟೆ. ಹನ್ನೆರಡರಲ್ಲಿ ಮೂರು ರಾಶಿಯವರಿಗೆ ಅದು ಸದಾ ನಡೆಯುತ್ತಿರುವುದರಿಂದ, ಯಾವ ದಿನ ಎಣಿಸಿದರೂ ಲೋಕದ ಜನರಲ್ಲಿ ಕಾಲುಭಾಗದಷ್ಟು ಮಂದಿ ಸಾಡೇಸಾತಿಯಲ್ಲಿಯೇ ಇರುತ್ತಾರೆ. ಆ ಕಾಲುಭಾಗದಲ್ಲಿ ಬಡ್ತಿ ಪಡೆದವರೂ ಮನೆ ಕಟ್ಟಿದವರೂ ಮೊಮ್ಮಕ್ಕಳನ್ನು ಎತ್ತಿಕೊಂಡವರೂ ಇರಬೇಕಲ್ಲವೆ?

ಆದರೆ ಗಣಿತದಿಂದ ಭಯ ಹೋಗುವುದಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮನೆಯಲ್ಲಿ ೨೦೨೫ರಲ್ಲಿ ನಡೆದ ಸಂಗತಿ ಇದು. ಆ ವರ್ಷದ ಬೇಸಗೆಯಲ್ಲಿ ಮಗನ ಕೆಲಸ ಹೋಯಿತು. ಶನಿ ಮೀನಕ್ಕೆ ಬಂದಿತ್ತು. ಮಗನದು ಮೇಷ ರಾಶಿ. ಸಾಡೇಸಾತಿ ಆರಂಭವಾಯಿತೆಂದು ತಿಳಿದ ತಾಯಿ ಪ್ರತಿ ಶನಿವಾರ ದೇವಸ್ಥಾನಕ್ಕೆ ಹೋಗಿ ಎಳ್ಳೆಣ್ಣೆಯ ದೀಪ ಹಚ್ಚತೊಡಗಿದರು. ಮನೆಗೆ ಬಂದವರೆಲ್ಲ ಅದನ್ನೇ ಎತ್ತಿ, ಇನ್ನೂ ಏಳು ವರ್ಷವಲ್ಲವೆ ಎಂದು ನಿಟ್ಟುಸಿರಿಡುವರು. ಮಗ ಆ ಮಾತುಗಳನ್ನು ಕೇಳಿಸಿಕೊಂಡು ಮೌನವಾಗಿ ಊಟ ಮಾಡಿ ಏಳುವನು. ಏಳು ವರ್ಷ ಕಾಯುವುದೇ ಉಳಿದದ್ದೆಂದು ಮನೆಯವರೆಲ್ಲ ಒಪ್ಪಿಕೊಂಡಮೇಲೆ ಅರ್ಜಿ ಬರೆಯುವ ಕೈಗೆ 
ಹುಮ್ಮಸ್ಸು ಎಲ್ಲಿಂದ ಬರಬೇಕು?

ತುಳಸಿ ಹಬ್ಬದ ಆಸುಪಾಸಿನ ಒಂದು ಸಂಜೆ, ಶಾಲೆಗೆ ಹೋಗುವ ಮೊಮ್ಮಗಳು ಪಂಚಾಂಗವನ್ನು ತಿರುವಿ, ಚಂದ್ರ ಶನಿಯ ಬಳಿಗೆ ಬಂದಿರುವುದನ್ನು ಕಂಡುಕೊಂಡು ಅಜ್ಜಿಯನ್ನು ಮಾಳಿಗೆಗೆ ಕರೆದಳು. ಅಜ್ಜಿ ಹೊರಡಲೊಲ್ಲರು. ಶನಿಯ ದೃಷ್ಟಿಗೆ ಎದುರಾಗಿ ನಿಲ್ಲಬಾರದು. ಗುಡಿಯಲ್ಲಿಯೂ ಅವರು ಪಕ್ಕಕ್ಕೆ ಸರಿದೇ ಕೈಮುಗಿಯುತ್ತಿದ್ದವರು. ಕೊನೆಗೆ ಮೊಮ್ಮಗಳ ಹಟಕ್ಕೆ ಸೋತು, ಸೆರಗನ್ನು ತಲೆಗೆ ಎಳೆದುಕೊಂಡು ಮೆಟ್ಟಿಲು ಹತ್ತಿದರು. ಚಂದ್ರನಿಂದ ಒಂದು ಮುಷ್ಟಿಯ ಆಚೆ, ಹಳದಿ ಬೆರೆತ ಮಂದವಾದ ಬೆಳಕೊಂದು ಅಲುಗದೆ ನಿಂತಿತ್ತು. ಆಕಾಶದ ಆ ಭಾಗದಲ್ಲಿ ಪ್ರಕಾಶವುಳ್ಳ ನಕ್ಷತ್ರಗಳಿಲ್ಲ. ಅಜ್ಜಿ ಬಹಳ ಹೊತ್ತು ನೋಡಿದರು. ‘ಇವನೇಯೇನೆ? ಪಾಪ, ಒಬ್ಬನೇ ಇದ್ದಾನಲ್ಲ!’ ಎಂದರು. ಮೆಟ್ಟಿಲ ಮೇಲೆ ನಿಂತಿದ್ದ ಮಗ ಅನೇಕ ತಿಂಗಳ ಮೇಲೆ ಗಟ್ಟಿಯಾಗಿ ನಕ್ಕ.

ಆ ಬಳಿಕ ಎಳ್ಳೆಣ್ಣೆಯ ದೀಪವೇನೂ ನಿಲ್ಲಲಿಲ್ಲ. ನಿಲ್ಲಬೇಕೆಂದು ಯಾರೂ ಹೇಳಲೂ ಇಲ್ಲ. ಮಗನಿಗೆ ಕೆಲಸ ಸಿಕ್ಕಿದ್ದು ಇನ್ನೂ ಕೆಲವು ತಿಂಗಳ ಮೇಲೆ, ಅರ್ಜಿಗಳನ್ನು ಬರೆದೂ ಬರೆದೂ. ಅದಕ್ಕೂ ಮಾಳಿಗೆಯ ಸಂಜೆಗೂ ಗಂಟು ಹಾಕುವುದು ಮತ್ತೊಂದು ಬಗೆಯ ಮೂಢನಂಬಿಕೆಯಾದೀತು. ಆದರೆ ನೆಂಟರ ನಿಟ್ಟುಸಿರಿಗೆ ಆ ಮನೆಯಲ್ಲಿ ಅಂದಿನಿಂದ ಮೊದಲಿನ ಬೆಲೆ ಉಳಿಯಲಿಲ್ಲ. ಯಾರಾದರೂ ಶನಿಯ ಮಾತೆತ್ತಿದರೆ ಅಜ್ಜಿ, ‘ನೀವು ನೋಡಿದ್ದೀರಾ?’ ಎಂದು ಕೇಳುವರು. ಹೌದೆಂದವರು ಒಬ್ಬರೂ ಇರಲಿಲ್ಲ.

ಕಾಣದ್ದರ ಭಯ ಒಂದು ಮನೆಗೆ ಮಾತ್ರ ಸೀಮಿತವಲ್ಲ. ೧೯೬೨ರ ಫೆಬ್ರವರಿ ೩ರಿಂದ ೫ರವರೆಗೆ ಸೂರ್ಯ, ಚಂದ್ರ, ಐದು ಗ್ರಹಗಳು ಮತ್ತು ಕೇತು ಮಕರರಾಶಿಯಲ್ಲಿ ಕೂಡಿದಾಗ ಭಾರತದಾದ್ಯಂತ ಅಷ್ಟಗ್ರಹಕೂಟದ ಭೀತಿ ಹಬ್ಬಿತು. ಪ್ರಳಯವೇ ಆಗುವುದೆಂದು ನಂಬಿದವರಿದ್ದರು. ಊರೂರುಗಳಲ್ಲಿ ಹೋಮಹವನಗಳು ನಡೆದವು. ಸೋಜಿಗವೆಂದರೆ, ಇಡೀ ದೇಶವನ್ನು ಕಂಗೆಡಿಸಿದ ಆ ಕೂಟವನ್ನು ಯಾರೂ ಕಣ್ಣಾರೆ ಕಾಣುವಂತಿರಲಿಲ್ಲ. ಸೂರ್ಯನೂ ಅದೇ ರಾಶಿಯಲ್ಲಿದ್ದುದರಿಂದ ಗ್ರಹಗಳೆಲ್ಲ ಅವನ ಪ್ರಭೆಯಲ್ಲಿ ಮುಳುಗಿದ್ದವು. ಮೂರು ದಿನಗಳು ಕಳೆದು ಲೋಕ ಎಂದಿನಂತೆ ಉಳಿಯಿತು. ೨೦೨೦ರ ಡಿಸೆಂಬರ್ ೨೧ರ ಸಂಜೆಯ ಕಥೆಯೇ ಬೇರೆ. ಅಂದು ಗುರು ಮತ್ತು ಶನಿ ಚಂದ್ರಬಿಂಬದ ಐದನೆಯ ಒಂದು ಪಾಲಿನಷ್ಟು ಅಂತರಕ್ಕೆ ಬಂದು, ಬರಿಗಣ್ಣಿಗೆ ಬಹುಮಟ್ಟಿಗೆ ಒಂದೇ ಎಂಬಂತೆ ತೋರಿದವು. ಅಷ್ಟು ನಿಕಟವಾಗಿ, ಸುಲಭವಾಗಿ ಕಾಣುವಂತೆ ಅವೆರಡೂ ಸೇರಿದ್ದು ೧೨೨೬ರ ಬಳಿಕ ಅದೇ ಮೊದಲು. ನಿಜವಾಗಿ ಅವುಗಳ ನಡುವೆ ೭೦ ಕೋಟಿ ಕಿಲೋಮೀಟರಿಗೂ ಮಿಗಿಲಾದ ದೂರವಿತ್ತೆನ್ನಿ. ವ್ಯಾಧಿಯ ಭಯದಿಂದ ವರ್ಷವಿಡೀ ಬಾಗಿಲು ಮುಚ್ಚಿಕೊಂಡಿದ್ದ ಜನರೂ ಅಂದು ಮಾಳಿಗೆಗಳಿಗೆ ಬಂದು ಪಶ್ಚಿಮಕ್ಕೆ ಬೆರಳು ತೋರಿ ಸಂತೋಷಪಟ್ಟರು. ಎರಡೂ ಗ್ರಹಕೂಟಗಳೇ, ಮೊದಲನೆಯದು ಕಿವಿಯಿಂದ ಬಂತು, ಎರಡನೆಯದು ಕಣ್ಣಿನಿಂದ.

ಹಾಗೆಂದು ಪಂಚಾಂಗವನ್ನು ಹಳಿಯುವುದು ಕೃತಘ್ನತೆಯಾದೀತು. ಅದರ ಎಷ್ಟೋ ಮಾತುಗಳು ನೋಡುವವರ ಬಾಯಿಂದಲೇ ಹೊರಟವು. ಶುಕ್ರಾಸ್ತವಾಗಿದೆ, ಮುಹೂರ್ತವಿಲ್ಲ ಎನ್ನುತ್ತಾರೆ. ಅಸ್ತವೆಂದರೆ ಗ್ರಹ ಸೂರ್ಯನಿಗೆ ಹತ್ತಿರವಾಗಿ ಕಣ್ಣಿಗೆ ಕಾಣದಂತಾಯಿತು ಎಂದಷ್ಟೆ ಅರ್ಥ. ಕಾಣದಿರುವುದಕ್ಕೆ ಒಂದು ಹೆಸರಿಟ್ಟವರು ಉಳಿದ ದಿನಗಳಲ್ಲಿ ಅದನ್ನು ತಪ್ಪದೆ ಕಾಣುತ್ತಿದ್ದಿರಬೇಕು. ವಕ್ರಗತಿ ಎಂಬ ಮಾತಿಗೂ ಜನ ಬೆದರುತ್ತಾರೆ. ವೇಗದ ರೈಲಿನಲ್ಲಿ ಕುಳಿತವರಿಗೆ ಪಕ್ಕದ ಹಳಿಯ ನಿಧಾನದ ರೈಲು ಹಿಂದೆ ಸರಿದಂತೆ ತೋರುವುದಿಲ್ಲವೆ? ಭೂಮಿ ಗುರುವನ್ನೋ ಶನಿಯನ್ನೋ ದಾಟಿ ಮುಂದೆ ಹೋಗುವಾಗ ಅವು ಕೆಲವು ತಿಂಗಳು ಹಿಂದಕ್ಕೆ ನಡೆದಂತೆ ಕಾಣುವುದೂ ಹಾಗೆಯೇ. ಆ ಸಮಯದಲ್ಲಿಯೇ ಅವು ಭೂಮಿಗೆ ಅತಿ ಹತ್ತಿರ. ಸೂರ್ಯ ಮುಳುಗುವಾಗ ಮೂಡಿ ರಾತ್ರಿಯೆಲ್ಲ ಬೆಳಗುತ್ತವೆ. ಹೀಗಾಗಿ ಪಂಚಾಂಗ ‘ಶನಿ ವಕ್ರ’ ಎಂದಾಗ ನೋಡುವವರು ತಿಳಿಯಬೇಕಾದದ್ದು, ಶನಿಯನ್ನು ಕಾಣಲು ಇದೇ ಪ್ರಶಸ್ತ ಕಾಲ ಎಂದು.

ಲೆಕ್ಕಕ್ಕೂ ನೋಟಕ್ಕೂ ಹೊಂದಿಕೆ ಇರಬೇಕೆಂಬ ಹಟ ಈ ನೆಲದ್ದೇ. ಕೇರಳದ ಪರಮೇಶ್ವರನು ದಶಕಗಳ ಕಾಲ ಗ್ರಹಣಗಳನ್ನು ಕಣ್ಣಾರೆ ಕಂಡು, ಹಳೆಯ ಗಣನೆಯನ್ನು ತಿದ್ದಿ, ೧೪೩೧ರಲ್ಲಿ ‘ದೃಗ್ಗಣಿತ’ವನ್ನು ರಚಿಸಿದ. ದೃಕ್ ಎಂದರೆ ಕಣ್ಣು, ನೋಟ. ಮದರಾಸಿನ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು ೧೮೭೪ರ ಡಿಸೆಂಬರ್ ೯ರಂದು ಶುಕ್ರ ಸೂರ್ಯಬಿಂಬದ ಮೇಲೆ ಹಾದುಹೋಗುವುದನ್ನು ಜನಸಾಮಾನ್ಯರು ಅರಿಯಲೆಂದು ಪುಸ್ತಿಕೆಯೊಂದನ್ನು ಬರೆದು, ಹಲವು ಭಾಷೆಗಳಲ್ಲಿ ಹೊರತಂದರು. ಅವುಗಳಲ್ಲಿ ಕನ್ನಡವೂ ಒಂದು. ಸೂತ್ರಗಳನ್ನು ಬಲ್ಲ ಆ ಪಂಡಿತರಿಗೆ ಜನರ ಕಣ್ಣಿನ ಮೇಲೂ ಅಷ್ಟು ವಿಶ್ವಾಸವಿತ್ತು.

ನೋಡಲು ತೊಡಗುವವರಿಗೆ ಕಾಲದ ಬಗ್ಗೆ ನಾಲ್ಕು ಮಾತು. ಕನ್ನಡನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೋಡದ್ದೇ ರಾಜ್ಯ. ಕಾರ್ತಿಕದಿಂದ ಫಾಲ್ಗುಣದವರೆಗಿನ ರಾತ್ರಿಗಳು ಶುಭ್ರ. ೨೦೨೬ರ ಆಗಸ್ಟ್ ೧೫ ಶುಕ್ರನು ಸೂರ್ಯನಿಂದ ಅತಿ ದೂರ ಸರಿದು ಸಂಜೆಯ ಪಶ್ಚಿಮದಲ್ಲಿ ನಿಲ್ಲುವ ದಿನ. ಅಕ್ಟೋಬರ್ ೨೪ರಂದು ಸೂರ್ಯನ ಈಚೆಗೆ ಹಾದು, ನವೆಂಬರಿನಲ್ಲಿ ಬೆಳಗಿನ ಬೆಳ್ಳಿಯಾಗುತ್ತದೆ. ಅದೇ ಅಕ್ಟೋಬರ್ ೪ರ ಸುಮಾರಿಗೆ ಶನಿಯ ದರ್ಶನ ರಾತ್ರಿಯಿಡೀ. ೨೦೨೭ರ ಫೆಬ್ರವರಿಯ ಎರಡನೆಯ ವಾರದಲ್ಲಿ ಗುರು, ೧೯ರ ಸುಮಾರಿಗೆ ಕುಜ, ಇಬ್ಬರೂ ಮಖಾ ನಕ್ಷತ್ರದ ಆಸುಪಾಸಿನಲ್ಲಿ ಇರುಳೆಲ್ಲ ಬೆಳಗುವ ತಿಂಗಳು. ಶನಿಯ ಬಳೆಗಳನ್ನು ಕಾಣಬೇಕೆಂಬ ಆಸೆಯಿದ್ದರೆ ಮೂವತ್ತು ನಲವತ್ತು ಪಟ್ಟು ಹಿಗ್ಗಿಸಿ ತೋರುವ ಚಿಕ್ಕ ದೂರದರ್ಶಕ ಸಾಕು. ೨೦೨೫ರ ಮಾರ್ಚಿನಲ್ಲಿ ಬಳೆಗಳು ಭೂಮಿಗೆ ಅಂಚನ್ನಷ್ಟೇ ತೋರಿಸಿ ಮಾಯವಾದಂತಿದ್ದವು. ಆ ಬಳಿಕದ ವರ್ಷಗಳಲ್ಲಿ ಮೆಲ್ಲಮೆಲ್ಲನೆ ತೆರೆದುಕೊಳ್ಳುತ್ತವೆ. ಸ್ವಂತ ದೂರದರ್ಶಕವಿಲ್ಲದವರಿಗೆ, ವಿಶೇಷ ಸಂದರ್ಭಗಳಲ್ಲಿ ಸಾರ್ವಜನಿಕರಿಗೆ ಆಕಾಶ ತೋರಿಸುವ ತಾರಾಲಯಗಳೂ ಹವ್ಯಾಸಿ ಸಂಘಗಳೂ ಉಂಟು. ಒಂದೇ ಎಚ್ಚರಿಕೆ: ದೂರದರ್ಶಕವನ್ನಾಗಲಿ ಬೈನಾಕ್ಯುಲರನ್ನಾಗಲಿ ಸೂರ್ಯ ಪೂರ್ತಿ ಮುಳುಗುವ ಮುನ್ನ ಆ ದಿಕ್ಕಿಗೆ ತಿರುಗಿಸಕೂಡದು, ಕಣ್ಣು ಶಾಶ್ವತವಾಗಿ ಹೋಗಬಹುದು.

ಮೊದಲ ಸಂಜೆ ಒಂದೇ ಗ್ರಹ ಸಾಕು. ಹತ್ತಿರದ ಒಂದು ನಕ್ಷತ್ರವನ್ನು ಗುರುತಿಟ್ಟುಕೊಂಡು, ಮಕ್ಕಳ ನೋಟುಪುಸ್ತಕದಲ್ಲಿ ಎರಡು ಚುಕ್ಕೆ ಹಾಕಿ ದಿನಾಂಕ ಬರೆಯುವುದು. ವಾರ ಕಳೆದು ಮತ್ತೆ ನೋಡಿ ಮತ್ತೊಂದು ಚುಕ್ಕೆ ಹಾಕುವುದು. ಚುಕ್ಕೆಗಳು ಸರಿಯುತ್ತಿರುವುದನ್ನು ಮಕ್ಕಳು ತಾವೇ ಕಂಡುಹಿಡಿಯಬೇಕು. ಹಿರಿಯರು ಹೇಳಿಬಿಟ್ಟರೆ ಅದು ಮತ್ತೆ ಶ್ರವಣವೇ ಆಗುತ್ತದೆ. ಒಂದು ವರ್ಷ ಹೀಗೆ ನಡೆದರೆ ಐವರೂ ಮನೆಯವರಾಗುತ್ತಾರೆ. ಮುಹೂರ್ತ ಕೇಳಲು ಬಂದವರೊಡನೆ ಪುರೋಹಿತರು ಶುಕ್ರಾಸ್ತದ ಮಾತಾಡಿದರೆ, ಇನ್ನು ಕೆಲವು ದಿನಕ್ಕೆ ಬೆಳಗಿನ ಜಾವ ಪೂರ್ವದಲ್ಲಿ ಬರುತ್ತಾನೆ ಎಂದು ಮನೆಯ ಹುಡುಗಿಯೇ ಹೇಳಿಯಾಳು.

೨೦೨೭ರ ಯುಗಾದಿ ಏಪ್ರಿಲ್ ೭ರಂದು. ಅಂದು ಬೆಳಿಗ್ಗೆ ಎಂದಿನಂತೆ ಪಂಚಾಂಗ ಶ್ರವಣವಾಗಲಿ. ಸಂಜೆ ಏಳೂವರೆಗೆ ಮನೆಯವರೆಲ್ಲ ಒಬ್ಬಟ್ಟಿನ ಊಟದ ಆಲಸ್ಯ ಕೊಡವಿ ಮಾಳಿಗೆಗೆ ಬಂದರೆ, ಗುರುವೂ ಕುಜನೂ ನೆತ್ತಿಯ ಬಳಿಯಲ್ಲಿಯೇ ಇರುತ್ತಾರೆ. ಮೋಡವಿಲ್ಲದಿದ್ದರೆ ಸಾಕು.